ಎಣ್ಣೆ ಬದಲಿಸಿದ ಮೇಲೆ ಪ್ರೆಶರ್ ಏರಿದೆ, ಆದರೂ ಬಿಗ್ ಎಂಡ್ ಸದ್ದು

ಪಿಸ್ಟನ್_ಪ್ರಿಯ: ತಲೆ ಕೆಟ್ಟುಹೋಗಿದೆ. ಹೊಸ 20ಡಬ್ಲ್ಯೂ-50 ಎಂಜಿನ್ ಎಣ್ಣೆ ಹಾಕಿದೆ. ಮೊದಲು ಎಂಜಿನ್ ಬಿಸಿಯಾದ ಮೇಲೆ ಎಣ್ಣೆ ಪ್ರೆಶರ್ ಗೇಜ್ 2 ಪಿಎಸ್‌ಐ ತೋರಿಸ್ತಿತ್ತು, ಈಗ 8. ಪ್ರೆಶರ್ ಇಷ್ಟು ಚೆನ್ನಾಗಿದ್ದೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ಕೆಳಗಿಂದ, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಜಾಗದ ಬೇರಿಂಗ್) ಕಡೆಯಿಂದ ಟಕಟಕ. ಯಾಕೆ?

ವಾಲ್ವ್‌ವಾದಿ: ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಶರ್ ಬಿಡುವ ಕವಾಟ) ಸಿಕ್ಕಿಹಾಕ್ಕೊಂಡಿದೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ರಿಂಗ್ ನೋಡಿ.

ಹಳೇಗಾಡಿ: ಯಾವ ಎಂಜಿನ್ ಅಂತಲೇ ಹೇಳಿಲ್ಲವಲ್ಲ ಸರ್? ಫೋರ್ಡ್ ಮಾಡೆಲ್ ಟಿಗೆ ಎಣ್ಣೆ ಪಂಪೇ ಇಲ್ಲ, ಫ್ಲೈವೀಲ್ ಎರಚಿದ ಎಣ್ಣೆಯಲ್ಲೇ ಓಡುತ್ತೆ.

ಪಿಸ್ಟನ್_ಪ್ರಿಯ: 1929ರ ಆಸ್ಟಿನ್ ಸೆವೆನ್. ಗೇಜ್ ಆಮೇಲೆ ಕೂರಿಸಿದ್ದು.

ವಾಲ್ವ್‌ವಾದಿ: ಹಾಗಿದ್ದರೂ ವಾಲ್ವೇ. ಸ್ಪ್ರಿಂಗ್ ಬದಲಿಸಿ ನೋಡಿ.

ಹಳೇಗಾಡಿ: ಬೇಡ, ಮೊದಲು ಎಂಜಿನ್ ಆಫ್ ಮಾಡಿ! ಇದರ ಮೇನ್‌ಗಳು, ಅಂದರೆ ಕ್ರ್ಯಾಂಕ್ ಹಿಡಿದಿರುವ ಬೇರಿಂಗ್‌ಗಳು, ಬಾಲ್, ರೋಲರ್ ಬೇರಿಂಗ್. ಅಲ್ಲಿ ಪ್ರೆಶರ್ ಬೇಕಿಲ್ಲ. ಪಂಪಿನ ಎಣ್ಣೆ ಜೆಟ್ ಅನ್ನೋ ಸಣ್ಣ ತೂತಿನ ನಳಿಕೆಯಿಂದ ಚಿಮ್ಮಿ, ತಿರುಗುವ ಕ್ರ್ಯಾಂಕಿನ ಬಾಯಿಗೆ ಬಿದ್ದು, ಅಲ್ಲಿಂದ ಬಿಗ್ ಎಂಡ್‌ಗೆ ಹೋಗಬೇಕು. ಎಣ್ಣೆ ಹೊರಬರುವ ಮುಖ್ಯ ದಾರಿಯೇ ಜೆಟ್. ಅದು ಕಟ್ಟಿಕೊಂಡರೆ ಗೇಜ್ ಮೇಲೇರುತ್ತೆ, ಬಿಗ್ ಎಂಡ್ ಒಣಗುತ್ತೆ. ಬಿಸಿಯಲ್ಲಿ ಒಂದೆರಡು ಪಿಎಸ್‌ಐ ಇದ್ದರೆ ಸಾಕು.

ಕ್ರ್ಯಾಂಕ್‌ಕೇಸ್ ಪಕ್ಕದ ಪ್ಲಗ್‌ಗಳನ್ನು ಬಿಚ್ಚಿ, ನೇರವಾದ ತೆಳು ತಾಮ್ರದ ತಂತಿ ಜೆಟ್‌ಗೆ ತೂರಿಸಿ. ಡ್ರಿಲ್ ಬಿಟ್ ಹಾಕಲೇಬೇಡಿ. ತೂತು ದೊಡ್ಡದಾದರೆ ಧಾರೆಯ ರಭಸ ಹೋಗುತ್ತೆ. ಆಮೇಲೆ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಇಳಿಸಿ ಜಾಲರಿ ತೊಳೆಯಿರಿ. ಬಟ್ಟೆ ಚೂರಿನಿಂದ ಒರೆಸಬೇಡಿ, ಎಳೆ ಹೋಗಿ ಜೆಟ್‌ನಲ್ಲೇ ಕೂರುತ್ತೆ.

ಗ್ರೀಸ್‌ಗನ್: ಡಿಟರ್ಜೆಂಟ್ ಎಣ್ಣೆ (ಕೆಸರು ಬಿಡಿಸುವ ರಾಸಾಯನಿಕ ಇರೋದು) ಹಾಕಿದ್ದೇ ತಪ್ಪು. ಬಿಗ್ ಎಂಡ್ ಒಳಗಿನ ಮೆತ್ತನೆ ಲೋಹದ ಪದರ, ವೈಟ್ ಮೆಟಲ್, ತಿಂದುಹಾಕುತ್ತೆ.

ಹಳೇಗಾಡಿ: ವೈಟ್ ಮೆಟಲ್‌ಗೆ ಅದರಿಂದ ಏನೂ ಆಗಲ್ಲ. ತಳದಲ್ಲಿ ಕೂತ ಹಳೇ ಕೆಸರು ಸಡಿಲಾಗಿ ಓಡಾಡೋದೇ ತೊಂದರೆ. ಸಂಪ್ ತೊಳೆದು ಆಮೇಲೆ ಹಾಕಬೇಕಿತ್ತು.

ಗ್ರೀಸ್‌ಗನ್: ನನ್ನ ಗಾಡಿಗೆ ಹೊರಗಿನ ಫಿಲ್ಟರ್ ಇದೆ, ಎಣ್ಣೆ ಕನ್ನಡಿ ಥರ ಇರುತ್ತೆ. ಎಲ್ಲರೂ ಹಾಕಿಸಿ.

ವಾಲ್ವ್‌ವಾದಿ: ಅದರ ಪೈಪ್ ಒಡೆದರೆ ಸಂಪ್ ಖಾಲಿ. ಬೇರೆ ಚರ್ಚೆ ಶುರು ಮಾಡಿ.

ಪಿಸ್ಟನ್_ಪ್ರಿಯ: ಮುಂದಿನ ಜೆಟ್‌ನಲ್ಲಿ ತಂತಿ ಹೋಗಲೇ ಇಲ್ಲ. ಒತ್ತಿದಾಗ ಕಪ್ಪು ಗಟ್ಟಿ ಕೆಸರು ಬಂತು. ಈಗ 2 ಪಿಎಸ್‌ಐ. ಸದ್ದು ಕಮ್ಮಿ, ಪೂರ್ತಿ ಹೋಗಿಲ್ಲ.

ಹಳೇಗಾಡಿ: ಹಾಗಾದರೆ ಓಡಿಸಬೇಡಿ. ಸಂಪ್ ಇಳಿಸಿದಾಗ, ಆ ಮುಂದಿನ ಜೆಟ್‌ನಿಂದ ಎಣ್ಣೆ ಪಡೆಯುವ ಮುಂದಿನ ಎರಡೂ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಜರುಗಿದರೆ ಪರವಾಗಿಲ್ಲ; ಮೇಲೆ ಕೆಳಗೆ ಕೈಗೆ ಆಟ ಸಿಕ್ಕರೆ ವೈಟ್ ಮೆಟಲ್ ಹೋಗಿದೆ, ಅದನ್ನು ಕರಗಿಸಿ ಮತ್ತೆ ಹುಯ್ಯಿಸಬೇಕು. ಬಿಗ್ ಎಂಡ್ ಕ್ಯಾಪ್ ಬಿಚ್ಚಿ ಫೋಟೋ ಹಾಕಿ.