ಅಪ್‌ಡೇಟ್: ಅಂಗಡಿಯೊಳಗಿನ ಮೆಜ್ಜನೈನ್‌ಗೆ ಅನುಮತಿ ಸಿಕ್ಕಿತು

ಅಂಗಡಿಯ ಚಾವಣಿ ಎತ್ತರವಾಗಿದೆ, ಒಳಗೆ ಉಕ್ಕಿನ ಮೆಜ್ಜನೈನ್, ಅಂದರೆ ನೆಲಕ್ಕೂ ಚಾವಣಿಗೂ ನಡುವೆ ಕಂಬಗಳ ಮೇಲೆ ನಿಲ್ಲುವ ಅಟ್ಟ, ಹಾಕಿಸಿದರೆ ಪ್ಲಾನಿಂಗ್ ಅನುಮತಿ ಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೇಕಾಯಿತು. ಈಗ ಸಿಕ್ಕಿದೆ.

"ಕಟ್ಟಡದ ಒಳಗೆ ತಾನೆ, ಯಾರ ಅಪ್ಪಣೆಯೂ ಬೇಡ" ಅಂದವರ ಮಾತು ನಡೆಯಲಿಲ್ಲ. ಹೊರಗೆ ಏನೂ ಬದಲಾಗದಿದ್ದರೂ ಬಳಸುವ ಜಾಗ ಹೆಚ್ಚಿತಲ್ಲ, ಅದನ್ನು ಹೊಸ ವಿಸ್ತೀರ್ಣ ಅಂತಲೇ ಲೆಕ್ಕ ಹಾಕಿದರು. ಜಾಗ ಹೆಚ್ಚಿದರೆ ಪಾರ್ಕಿಂಗ್ ಸಾಲುತ್ತದಾ ಅನ್ನೋ ಲೆಕ್ಕವೂ ಹಿಂದೆಯೇ ಬಂತು. "ಬೋಲ್ಟ್ ಬಿಚ್ಚಿ ತೆಗೆಯಬಹುದು, ಇದೂ ಒಂದು ಪೀಠೋಪಕರಣ" ಅನ್ನೋ ವಾದವನ್ನೂ ಇಟ್ಟು ನೋಡಿದೆ. ಅಧಿಕಾರಿ ಸುಮ್ನೆ ನಕ್ಕರು.

ಕೆಲಸಕ್ಕೆ ಬಂದದ್ದು, ಅರ್ಜಿಗೆ ಮೊದಲೇ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ ಅಂದವರ ಸಲಹೆ. ಆ ಇಂಜಿನಿಯರ್‌ರಿಂದ ಗೊತ್ತಾದ ವಿಷಯ ಕೇಳಿ: ಮೇಲಿನ ಅಟ್ಟಕ್ಕಿಂತ ಕೆಳಗಿನ ನೆಲದ್ದೇ ಜಾಸ್ತಿ ಚಿಂತೆ. ಅಷ್ಟೂ ಭಾರ ಕೆಲವೇ ಕಂಬಗಳ ಮೂಲಕ ಕಾಂಕ್ರೀಟಿನ ಸಣ್ಣ ಸಣ್ಣ ಜಾಗಕ್ಕೆ ಇಳಿಯುತ್ತದೆ. ಕಚೇರಿಗೆ ಚದರ ಮೀಟರಿಗೆ ಸುಮಾರು 250 ಕಿಲೋ ಭಾರ ಅಂತ ಲೆಕ್ಕ ಹಿಡಿದರೆ, ಸರಕು ಇಡುವ ಕಡೆ ಹೆಚ್ಚುಕಮ್ಮಿ ಅದರ ಎರಡರಷ್ಟು ಹಿಡಿಯುತ್ತಾರೆ. ನಮ್ಮ ನೆಲವನ್ನು ಕೊರೆದು ದಪ್ಪ ಅಳೆದರು. ಕೆಲವು ಕಂಬಗಳಡಿ ಹೊಸ ಪಾಯ ಹಾಕಿಸಬೇಕಾಯಿತು. ಆ ವರದಿ ಕೈಯಲ್ಲಿದ್ದದ್ದರಿಂದ ಮುಂದಿನ ಪ್ರಶ್ನೆಗಳು ಬೇಗ ಮುಗಿದವು.

ಬೆಂಕಿಯದ್ದು ಬೇರೆ ಕಥೆ. ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮುಕಿಸುವ ಚಾವಣಿಯ ಸ್ಪ್ರಿಂಕ್ಲರ್ ನೀರು ಮೆಜ್ಜನೈನ್ ಅಡಿಗೆ ತಲುಪುವುದಿಲ್ಲ ಅಲ್ವಾ, ಅಲ್ಲಿಗೂ ಲೈನ್ ಎಳೆಸಿದೆವು. ಎರಡನೇ ಮೆಟ್ಟಿಲು ಬೇಕೆಂದರು, ಅದು ಒಂದಷ್ಟು ಜಾಗ ತಿಂದಿತು.

ಸದ್ಯಕ್ಕೆ ಅನುಮತಿ ದಾಸ್ತಾನಿಗೆ ಮಾತ್ರ. ಮೇಲೆ ಗಿರಾಕಿಗಳನ್ನು ಬಿಡಬೇಕೆಂದರೆ ಮತ್ತೆ ಅರ್ಜಿ ಹಾಕಬೇಕು. ಎಷ್ಟು ವಿಸ್ತೀರ್ಣ ದಾಟಿದರೆ ಅನುಮತಿ ಬೇಕು ಅನ್ನೋ ಮಿತಿ ಎಲ್ಲ ಕಡೆ ಒಂದೇ ಇರುವುದಿಲ್ಲ, ನಿಮ್ಮಲ್ಲಿ ಎಷ್ಟು ಅಂತ ಉಕ್ಕು ಆರ್ಡರ್ ಮಾಡುವ ಮೊದಲೇ ಕೇಳಿಕೊಳ್ಳಿ.