ಹೊರಟು ನಿಂತ ಸರ್ಕಾರ ಕೊನೇ ಗಳಿಗೆಯಲ್ಲಿ ಮಾಡಿದ ಪರಿಸರ ನಿಯಮ ಉಳಿಯುತ್ತಾ?

ಹೊಳೆದಂಡೆ:
ಅಮೆರಿಕದಲ್ಲಿ ಚುನಾವಣೆ ನವೆಂಬರಿನಲ್ಲೇ ಮುಗಿದರೂ ಹೊಸ ಅಧ್ಯಕ್ಷರು ಬರುವುದು ಜನವರಿ 20ಕ್ಕೆ. ಈ ನಡುವೆ ಹೊರಡುವವರು ಕಾಡು, ನೀರು, ಗಾಳಿಯ ನಿಯಮಗಳನ್ನು ಗಡಿಬಿಡಿಯಲ್ಲಿ ಬದಲಾಯಿಸುತ್ತಾರೆ. ಬಂದವರು ಮೊದಲ ದಿನವೇ ಸಹಿ ಹಾಕಿ ರದ್ದು ಮಾಡಬಹುದಲ್ವಾ? ಮತ್ತೆ ಈ ಅವಸರ ಯಾಕೆ? ನಮ್ಮ ಅಕ್ಕ ವೆಸ್ಟ್ ವರ್ಜೀನಿಯಾದಲ್ಲಿದ್ದಾಳೆ. ಕಲ್ಲಿದ್ದಲು ಗಣಿ ಪಕ್ಕದ ಹಳ್ಳಗಳ ನಿಯಮ ಯಾಕೆ ಹೀಗೆ ಹಿಂದೆ ಮುಂದೆ ಆಗುತ್ತದೆ ಅಂತ ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ.

ಕಾನೂನುಪ್ರಿಯ:
ಅಧ್ಯಕ್ಷರ ಆದೇಶವಾದರೆ ಒಂದು ಸಹಿ ಸಾಕು. ಇಲಾಖೆಯ ನಿಯಮ ಜನವರಿ 20ರ ಒಳಗೆ ಜಾರಿಗೆ ಬಂದುಬಿಟ್ಟರೆ ಅದನ್ನು ತೆಗೆಯಲು ಸಹಿಯೊಂದೇ ಸಾಲದು. ಕರಡು, ಜನರ ಅಭಿಪ್ರಾಯ, ಕಾರಣ, ಎಲ್ಲ ಮತ್ತೆ ಮೊದಲಿಂದ. ಜಾರಿಗೆ ಬಾರದವನ್ನು ಮಾತ್ರ ಹೊಸಬರು ಮೊದಲ ದಿನ ತಡೆದಿಡುತ್ತಾರೆ.

ಕಾಡುಮಲ್ಲಿಗೆ:
ಈ ವಿಷಯ ನನಗೆ ಹತ್ತಿರದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

2008ರಲ್ಲಿ ನಾನು ಅಲ್ಲಿ ಓದುತ್ತಿದ್ದೆ. ಆಗ ಬುಷ್ ಸರ್ಕಾರದ ಕೊನೆ. ಕೇಂದ್ರದ ಯಾವುದೇ ಇಲಾಖೆ ರಸ್ತೆಯನ್ನೋ ಅಣೆಕಟ್ಟನ್ನೋ ಕಟ್ಟುವ ಮೊದಲು ಅಳಿವಿನಂಚಿನ ಜೀವಿಗಳಿಗೆ ತೊಂದರೆಯಾಗುತ್ತದಾ ಅಂತ ವನ್ಯಜೀವಿ ತಜ್ಞರನ್ನು ಕೇಳಬೇಕಿತ್ತು. ಹಲವು ಕಡೆ ಇಲಾಖೆಯೇ ತೀರ್ಮಾನಿಸಲಿ ಅನ್ನುವುದು ಹೊಸ ಕರಡು. ಬೇಡ ಅಂತ ನಾನೂ ಬರೆದು ಕಳಿಸಿದ್ದೆ. ಬಂದದ್ದು ಸುಮಾರು 2 ಲಕ್ಷ ಅಭಿಪ್ರಾಯ. ಅಷ್ಟನ್ನೂ 15 ಜನ ಸೇರಿ 32 ಗಂಟೆಯಲ್ಲಿ ಓದಿ ಮುಗಿಸಬೇಕು ಅಂತ ಗಡುವು ಕೊಟ್ಟಿದ್ದರು! ಅದನ್ನು ಪತ್ರಿಕೆಯಲ್ಲಿ ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಿಯಮ ಡಿಸೆಂಬರ್ 16ಕ್ಕೆ ಪ್ರಕಟವಾಯಿತು, ಜನವರಿಯಲ್ಲೇ ಜಾರಿಗೂ ಬಂತು. ಒಬಾಮಾ ಸರ್ಕಾರ ಅದನ್ನು ಏಪ್ರಿಲ್ 2009ರಲ್ಲಿ ಹಿಂತೆಗೆಯಿತು. ಅಷ್ಟು ಬೇಗ ಆದದ್ದು ಸಂಸತ್ತು ಅದಕ್ಕೆಂದೇ ವಿಶೇಷ ಅಧಿಕಾರ ಕೊಟ್ಟಿದ್ದರಿಂದ.

ಹಳ್ಳಗಳಿಗೆ ಆ ಅದೃಷ್ಟ ಇರಲಿಲ್ಲ. ಹರಿಯುವ ನೀರಿನಿಂದ 100 ಅಡಿ ಒಳಗೆ ಗಣಿ ಕೆಲಸಕ್ಕೆ ಕಡಿವಾಣ ಹಾಕಿದ್ದ 1983ರ ನಿಯಮವನ್ನು ಅದೇ ಡಿಸೆಂಬರಿನಲ್ಲಿ ಸಡಿಲಿಸಿದರು. ಅಪಲೇಶಿಯನ್ ಬೆಟ್ಟಗಳ ನೆತ್ತಿ ಸ್ಫೋಟಿಸಿ ಆ ಮಣ್ಣು ಕಲ್ಲನ್ನು ಕಣಿವೆಗೆ ಸುರಿಯುತ್ತಾರಲ್ಲ, ಅದಕ್ಕೆ ದಾರಿ ಸಲೀಸಾಯಿತು. ಹೊಸ ಸರ್ಕಾರ ಕೋರ್ಟಿಗೆ ಹೋಗಿ, ಇದನ್ನು ಸುಮ್ನೆ ರದ್ದು ಮಾಡಿ ಅಂತ ಕೇಳಿತು. ಆಗಲ್ಲ, ಕ್ರಮ ಪ್ರಕಾರ ಮಾಡಿ ಅಂದರು ನ್ಯಾಯಾಧೀಶರು. ಕೊನೆಗೆ ಬೇರೊಂದು ತೀರ್ಪಿನಲ್ಲಿ ಅದು ಬಿದ್ದದ್ದು 2014ರಲ್ಲಿ.

ಒಬಾಮಾ ಕಡೆಯವರೂ ತಮ್ಮ ಹಳ್ಳ ರಕ್ಷಣೆಯ ನಿಯಮವನ್ನು ಮುಗಿಸಿದ್ದು ಡಿಸೆಂಬರ್ 2016ಕ್ಕೆ. ವರ್ಷಗಟ್ಟಲೆ ಎಳೆದು, ಹೊರಡುವಾಗ ಮುಗಿಸಿದರು. ಫೆಬ್ರವರಿ 2017ರಲ್ಲಿ ಸಂಸತ್ತು ಅದನ್ನು ಕಿತ್ತು ಹಾಕಿತು. 1996ರ ಒಂದು ಕಾಯ್ದೆ ಪ್ರಕಾರ ಇತ್ತೀಚಿನ ನಿಯಮವನ್ನು ಎರಡೂ ಸದನ ಸರಳ ಬಹುಮತದಿಂದ ತಿರಸ್ಕರಿಸಬಹುದು. ಹಾಗೆ ಹೋದರೆ, ಸಂಸತ್ತು ಹೊಸ ಕಾನೂನು ಮಾಡುವ ತನಕ ಬಹುಮಟ್ಟಿಗೆ ಅಂಥದ್ದೇ ನಿಯಮ ಮತ್ತೆ ತರುವಂತಿಲ್ಲ. ತಡ ಮಾಡಿದ್ದರ ಬೆಲೆ ಎಷ್ಟು ಜಾಸ್ತಿ ನೋಡಿ.

ಹೊಳೆದಂಡೆ:
ಹಾಗಾದರೆ ಕೊನೇ ಗಳಿಗೆಯದ್ದೆಲ್ಲ ಕೆಟ್ಟದ್ದೇ?

ಕಾಡುಮಲ್ಲಿಗೆ:
ಖಂಡಿತ ಅಲ್ಲ. ಕುಡಿಯುವ ನೀರಿನ ಆರ್ಸೆನಿಕ್ ಮಿತಿಯನ್ನು ಲೀಟರಿಗೆ 50 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿದ್ದು ಕ್ಲಿಂಟನ್ ಸರ್ಕಾರ, ಅದೂ ಜನವರಿ 2001ರಲ್ಲಿ. ಬುಷ್ ಸರ್ಕಾರ ಅದನ್ನು ಮಾರ್ಚಿನಲ್ಲಿ ತಡೆಯಿತು. ವಿಜ್ಞಾನಿಗಳಿಂದ ಮತ್ತೆ ಪರಿಶೀಲನೆ ಮಾಡಿಸಿದರೆ ಅಪಾಯ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅಂತ ಗೊತ್ತಾಯಿತು. ಅಕ್ಟೋಬರಿನಲ್ಲಿ ಅದೇ 10ನ್ನು ಒಪ್ಪಿಕೊಂಡರು. ಆ ನಿಯಮದ ಹಿಂದೆ ವರ್ಷಗಳ ಕೆಲಸ ಇತ್ತು. ಹಾಗಾಗಿ ನಾನು ಪ್ರಕಟವಾದ ದಿನಕ್ಕಿಂತ ಮೊದಲು ಕರಡು ಯಾವಾಗ ಬಂತು, ಜನರಿಗೆ ಎಷ್ಟು ದಿನ ಕೊಟ್ಟರು, ಬಂದ ಆಕ್ಷೇಪಗಳಿಗೆ ಉತ್ತರ ಬರೆದಿದ್ದಾರಾ ಅಂತ ನೋಡುತ್ತೇನೆ. ಕೇಸು ನಡೆದಾಗ ಕೋರ್ಟು ತೆರೆಯುವುದೂ ಇದೇ ಕಡತವನ್ನು. ಗಣಿ ನಿಯಮದ ಕರಡು ಮತ್ತೆ ಬಂದರೆ ಆ ಊರಿನವರು ತಮ್ಮ ಹಳ್ಳದ ಹೆಸರು, ನೀರು ಬದಲಾದ ವರ್ಷ ಬರೆದು ಕಳಿಸಲಿ. ಗಡುವಿನ ಒಳಗೆ ತಲುಪಿದ್ದು ಆ ಕಡತ ಸೇರುತ್ತದೆ.