ಎಂದೋ ಬಂದ ಟೊಕ್ಸೊಪ್ಲಾಸ್ಮಾ ಸೋಂಕು ಈಗ ಮರುಕಳಿಸುವುದೇಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ತಮ್ಮನಿಗೆ ಎಚ್‌ಐವಿ ಇರುವುದು ಇತ್ತೀಚೆಗೆ ತಿಳಿದುಬಂತು. ಸಿಡಿ4 (ರೋಗನಿರೋಧಕ ಶಕ್ತಿಯ ಬಿಳಿ ರಕ್ತಕಣ) ಎಣಿಕೆ 70 ಇದೆ. ರಕ್ತಪರೀಕ್ಷೆಯಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ವಿರುದ್ಧದ ಐಜಿಜಿ (ಪ್ರತಿಕಾಯ) ಪಾಸಿಟಿವ್ ಬಂದಿರುವುದರಿಂದ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಏಆರ್‌ಟಿ ಔಷಧಿಯ ಜೊತೆಗೆ ದಿನವೂ ಕೋಟ್ರೈಮೊಕ್ಸಜೋಲ್ ಎಂಬ ಸೋಂಕುನಿವಾರಕ ಮಾತ್ರೆ ಕೊಟ್ಟಿದ್ದಾರೆ. ಅವನಿಗೆ ಯಾವ ತೊಂದರೆಯೂ ಕಾಣಿಸುತ್ತಿಲ್ಲ, ನಾವು ಎಂದೂ ಬೆಕ್ಕು ಸಾಕಿದವರಲ್ಲ. ಇಷ್ಟು ವರ್ಷ ತೆಪ್ಪಗಿದ್ದ ಪರೋಪಜೀವಿ ಈಗೇಕೆ ಕೆರಳುತ್ತದೆ?

ವೈದ್ಯರ ಉತ್ತರ: ನಮಸ್ಕಾರ. ಐಜಿಜಿ ಪಾಸಿಟಿವ್ ಬಂದ ಮಾತ್ರಕ್ಕೆ ಈಗ ಕಾಯಿಲೆ ಇದೆ ಎಂದು ತಿಳಿಯಬೇಕಾಗಿಲ್ಲ. ಈ ಜೀವಿ ಹಿಂದೆಂದೋ ದೇಹವನ್ನು ಹೊಕ್ಕು ಅಲ್ಲಿಯೇ ಉಳಿದಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಬೆಕ್ಕಿನ ಮಲ ಬೆರೆತ ಮಣ್ಣು ಅಥವಾ ನೀರು, ಸರಿಯಾಗಿ ತೊಳೆಯದ ಸೊಪ್ಪು, ಅರೆಬೆಂದ ಮಾಂಸ, ಇವುಗಳಲ್ಲಿ ಯಾವುದರಿಂದಲೂ ಸೋಂಕು ತಗುಲಬಹುದು.

ಮೊದಲಿಗೆ ಅದು ಟ್ಯಾಕಿಜೋಯಿಟ್ ಎಂಬ ರೂಪದಲ್ಲಿ ವೇಗವಾಗಿ ವೃದ್ಧಿಯಾಗುತ್ತ, ಜೀವಕೋಶಗಳನ್ನು ಒಡೆದು ಹರಡುತ್ತದೆ. ರೋಗನಿರೋಧಕ ವ್ಯವಸ್ಥೆ ಅದನ್ನು ಹತ್ತಿಕ್ಕಿದ ಮೇಲೆ ಅಳಿದುಳಿದವು ಬ್ರಾಡಿಜೋಯಿಟ್ ಎಂಬ ನಿಧಾನಗತಿಯ ರೂಪ ತಾಳಿ, ಮಿದುಳು, ಅಕ್ಷಿಪಟಲ, ಹೃದಯ ಮತ್ತು ಸ್ನಾಯುಗಳ ಜೀವಕೋಶಗಳೊಳಗೆ ಸಿಸ್ಟ್ (ರಕ್ಷಣಾ ಚೀಲ) ಕಟ್ಟಿಕೊಳ್ಳುತ್ತವೆ. ಆರೋಗ್ಯವಂತರಲ್ಲಿಯೂ ಇಂಥ ಸಿಸ್ಟ್‌ಗಳು ಆಗೊಂದು ಈಗೊಂದು ಒಡೆಯುತ್ತವೆ. ಹೊರಬಿದ್ದ ಜೀವಿಗಳು ಮತ್ತೆ ಟ್ಯಾಕಿಜೋಯಿಟ್ ಆದರೂ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಸ್ರವಿಸುವ ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನ್ ಸುತ್ತಲಿನ ಜೀವಕೋಶಗಳನ್ನು ಹೋರಾಟಕ್ಕೆ ಸಜ್ಜುಗೊಳಿಸುವುದರಿಂದ ಅವು ಅಲ್ಲಲ್ಲೇ ನಾಶವಾಗುತ್ತವೆ. ಇದೆಲ್ಲ ನಡೆದದ್ದು ನಮಗೆ ಗೊತ್ತೇ ಆಗುವುದಿಲ್ಲ. ಎಚ್‌ಐವಿ ನಾಶಮಾಡುವುದು ಸಿಡಿ4 ಟಿ ಕೋಶಗಳನ್ನೇ, ಅವುಗಳ ನೆರವು ತಪ್ಪಿದರೆ ಸೋಂಕಿತ ಜೀವಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳೂ ಸೊರಗುತ್ತವೆ. ಹೀಗೆ ಕಾವಲು ಸಡಿಲಿದಾಗ, ಹಿಂದೆ ಸದ್ದಿಲ್ಲದೆ ಮುಗಿದುಹೋಗುತ್ತಿದ್ದ ಅದೇ ಘಟನೆ ಈಗ ಮಿದುಳಿನ ಸೋಂಕಾಗಿ ಬೆಳೆಯುತ್ತದೆ. ಎಂಆರ್‌ಐ ಮಾಡಿಸಿದರೆ ಮಿದುಳಿನ ಆಳದಲ್ಲಿ, ಅಂಚು ಉಂಗುರದಂತೆ ಹೊಳೆಯುವ, ಸುತ್ತಲೂ ಬಾವು ಇರುವ ಗಾಯಗಳು ಕಾಣುತ್ತವೆ. ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದಲೇ ಲಕ್ಷಣ ಕಾಣುವ ಮೊದಲೇ ನಿಮ್ಮ ತಮ್ಮನಿಗೆ ಮಾತ್ರೆ ಆರಂಭಿಸಿದ್ದಾರೆ, ಅದು ಸರಿಯಾದ ಕ್ರಮ.

ಪ್ರಶ್ನೆ: ಹಾಗಾದರೆ ಮಾತ್ರೆಯಿಂದ ಆ ಸಿಸ್ಟ್‌ಗಳು ಪೂರ್ತಿ ಹೋಗುತ್ತವೆಯೇ? ಜೀವನಪರ್ಯಂತ ನುಂಗಬೇಕೇ?

ವೈದ್ಯರ ಉತ್ತರ: ಸಿಸ್ಟ್‌ಗಳನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವ ಔಷಧಿ ಇಂದಿಗೂ ಇಲ್ಲ. ಕೋಟ್ರೈಮೊಕ್ಸಜೋಲ್ ತಡೆಯುವುದು ವೃದ್ಧಿಯಾಗುತ್ತಿರುವ ಜೀವಿಗಳನ್ನು ಮಾತ್ರ. ಸಿಸ್ಟ್‌ಗಳ ಮೇಲೆ ಹಿಡಿತ ಇಡಬೇಕಾದದ್ದು ದೇಹದ ಸ್ವಂತ ಶಕ್ತಿಯೇ, ಅದನ್ನು ಮರಳಿ ಕೊಡುವುದು ಏಆರ್‌ಟಿ. ಹೀಗಾಗಿ ಒಂದು ದಿನವೂ ತಪ್ಪಿಸದೆ ಏಆರ್‌ಟಿ ತೆಗೆದುಕೊಳ್ಳುವಂತೆ ನೋಡಿಕೊಳ್ಳಿ. ನಿಮ್ಮ ಕೈಲಾಗುವ ಅತಿ ದೊಡ್ಡ ಸಹಾಯ ಅದೇ. ಎಣಿಕೆ ಏರಿ ಹಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ ಕೋಟ್ರೈಮೊಕ್ಸಜೋಲ್ ನಿಲ್ಲಿಸಬಹುದು. ಆದರೆ ಅದನ್ನು ಏಆರ್‌ಟಿ ಕೇಂದ್ರದ ವೈದ್ಯರೇ ನಿರ್ಧರಿಸಬೇಕು. ಮೈಮೇಲೆ ದದ್ದು ಎದ್ದರೆ ತಡಮಾಡದೆ ಅವರಿಗೆ ತಿಳಿಸಿ. ಬಿಡದ ತಲೆನೋವು, ಜ್ವರ, ಫಿಟ್ಸ್, ಮಾತಿನಲ್ಲಿ ತೊದಲು, ಒಂದು ಕೈಕಾಲಿನಲ್ಲಿ ಬಲಹೀನತೆ ಅಥವಾ ಮಂಕು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಚಿಕಿತ್ಸೆ ಆರಂಭಿಸಿದರೆ ಹೆಚ್ಚಿನವರು ಎರಡು ವಾರದೊಳಗೆ ಚೇತರಿಕೆಯ ಹಾದಿ ಹಿಡಿಯುತ್ತಾರೆ.